ಕಾಲಿನ ಕಲ್ಪನೆ, ಎಐ ಮತ್ತು ಒಂಟಿಯಾಗಿ ನಿಲ್ಲುವ ಆ ಶೇಕಡಾ ಅಂಕಿ

ಮಾನ್ಯ ಸಂಪಾದಕರೇ,

ಕಾಲು ಆಡಿಸುವುದನ್ನು ಮನಸ್ಸಿನಲ್ಲಿ ನೆನೆದರೆ ಸಾಕು, ಎಐ ಅದನ್ನು ಓದಿಬಿಡುತ್ತದೆ ಎಂಬ ಅರ್ಥದ ಸುದ್ದಿಗಳು ಈಗ ಮೇಲಿಂದ ಮೇಲೆ ಬರುತ್ತಿವೆ. ಜೊತೆಗೆ ಒಂದು ಅಂಕಿ ಇರುತ್ತದೆ: ಶೇ 90, ಶೇ 95. ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾಗದವರ ಮನೆಯಲ್ಲಿ ಇಂಥ ಸುದ್ದಿಯನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಅವರಿಗೆ ಅದು ಬರೀ ವಿಜ್ಞಾನದ ಸುದ್ದಿಯಲ್ಲ. ಇಇಜಿ, ಅಂದರೆ ನೆತ್ತಿಯ ಮೇಲಿನಿಂದ ಅಳೆಯುವ ಮಿದುಳಿನ ವಿದ್ಯುತ್ ಸಂಕೇತಗಳ ಕೆಲಸ ಬಲ್ಲ ನಮ್ಮ ಕೋರಿಕೆ ಇಷ್ಟೇ: ಆ ಅಂಕಿಯನ್ನು ಒಂಟಿಯಾಗಿ ಮುದ್ರಿಸಬೇಡಿ. ಎಲ್ಲಿ, ಯಾರ ಮೇಲೆ, ಹೇಗೆ ಅಳೆದರು ಎನ್ನುವುದೂ ಜೊತೆಗಿರಲಿ. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಮೊದಲಿಗೆ ಕಾಲಿನ ಜಾಗ. ಮಿದುಳಿನಲ್ಲಿ ಚಲನೆಯನ್ನು ನಡೆಸುವ ಪಟ್ಟಿಯಂಥ ಜಾಗದಲ್ಲಿ ಕೈಯ ಭಾಗ ಹೊರಮೈಯಲ್ಲಿದೆ, ತಲೆಬುರುಡೆಯ ಒಳಗೋಡೆಗೆ ಹತ್ತಿರ. ಎಡಗೈ, ಬಲಗೈ ಭಾಗಗಳು ತಲೆಯ ಎರಡು ಬದಿಗೆ ದೂರ ದೂರ ಇರುವುದರಿಂದ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಅಷ್ಟೇನೂ ಕಷ್ಟವಲ್ಲ. ಕಾಲಿನ ಭಾಗ ಹಾಗಿಲ್ಲ. ಅದು ನೆತ್ತಿಯ ಕೆಳಗೆ, ಮಿದುಳಿನ ಎರಡು ಅರ್ಧಗಳ ನಡುವಿನ ಸೀಳಿನೊಳಗೆ ಅಡಗಿದೆ. ಇಕ್ಕಟ್ಟಾದ ಓಣಿಯ ಎರಡು ಗೋಡೆಗಳಂತೆ ಎಡಗಾಲಿನ ಭಾಗವೂ ಬಲಗಾಲಿನ ಭಾಗವೂ ಎದುರುಬದುರಾಗಿ ನಿಂತಿವೆ. ಒಂದು ಗೋಡೆಯ ವಿದ್ಯುತ್ತು ಎಡಕ್ಕೆ ಮುಖ ಮಾಡಿದರೆ ಇನ್ನೊಂದರದು ಬಲಕ್ಕೆ. ಎರಡೂ ಒಟ್ಟಿಗೆ ಎದ್ದರೆ ಬಹುಪಾಲು ಪರಸ್ಪರ ಅಳಿಸಿಹೋಗುತ್ತವೆ. ಒಂದೇ ಎದ್ದರೂ, ಬಲ ಅರ್ಧದಲ್ಲಿ ಹುಟ್ಟಿದ ಸಂಕೇತ ನೆತ್ತಿಯ ಎಡಬದಿಯಲ್ಲಿ ಜೋರಾಗಿ ಕಾಣಿಸಿಕೊಳ್ಳಬಹುದು. ಇಷ್ಟೆಲ್ಲ ಆದಮೇಲೆ ಬುರುಡೆಯ ಮೂಳೆ ಉಳಿದದ್ದನ್ನೂ ಕಲಸಿ ಹರಡುತ್ತದೆ. ಹಾಗಾಗಿ ಎಡಗಾಲೋ ಬಲಗಾಲೋ ಎಂದು ನೆತ್ತಿಯ ಮೇಲಿನಿಂದ ಹೇಳುವುದು ಈ ಕ್ಷೇತ್ರದ ಅತಿ ಕಷ್ಟದ ಕೆಲಸಗಳಲ್ಲಿ ಒಂದು. ಸಂಶೋಧಕರು ಹೆಚ್ಚಾಗಿ ಬಳಸುವ ಒಂದು ದತ್ತಾಂಶ, 2008ರ ಬಿಸಿಐ (ಮಿದುಳಿನ ಸಂಕೇತದಿಂದ ಯಂತ್ರ ನಡೆಸುವ ತಂತ್ರ) ಸ್ಪರ್ಧೆಗೆ ಆಸ್ಟ್ರಿಯಾದ ಗ್ರಾಜ್ ನಗರದ ತಂಡ ಕೊಟ್ಟದ್ದು. ಅದರಲ್ಲಿ ಎಡಗೈ, ಬಲಗೈ, ನಾಲಿಗೆ ಬೇರೆ ಬೇರೆ ಇವೆ. ಕಾಲುಗಳು ಮಾತ್ರ ‘ಎರಡೂ ಪಾದ’ ಎಂದು ಒಂದೇ ವರ್ಗ.

ಇನ್ನು ಅಳೆಯುವುದೇನನ್ನು? ಯೋಚನೆಯನ್ನಲ್ಲ, ಲಯವನ್ನು. ಲಕ್ಷಾಂತರ ನರಕೋಶಗಳು ಒಟ್ಟಿಗೆ ಏರಿಳಿಯುವಾಗ ನೆತ್ತಿಯ ಮೇಲೆ ಕೆಲವು ಹತ್ತು ಮೈಕ್ರೋವೋಲ್ಟಿನ ಅಲೆ ಸಿಗುತ್ತದೆ. ಮೈಕ್ರೋವೋಲ್ಟ್ ಎಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು. ಸೆಕೆಂಡಿಗೆ ಒಂದು ಏರಿಳಿತವೇ ಒಂದು ಹರ್ಟ್ಸ್. ಕೈ ಅಲುಗಿಸುವುದನ್ನು ನೆನೆದಾಗ 8ರಿಂದ 13 ಹರ್ಟ್ಸ್‌ನ ‘ಮ್ಯೂ’ ಲಯವೂ 13ರಿಂದ 30 ಹರ್ಟ್ಸ್‌ನ ‘ಬೀಟಾ’ ಲಯವೂ ಆ ಜಾಗದಲ್ಲಿ ಕುಗ್ಗುತ್ತವೆ. ಕಾಲನ್ನು ನೆನೆದಾಗ ನೆತ್ತಿಯ ನಡುವೆ ಮ್ಯೂ ಕುಗ್ಗುವುದು ಎಷ್ಟೋ ಜನರಲ್ಲಿ ಕಾಣುವುದೇ ಇಲ್ಲ. ಬದಲಿಗೆ ಕೆಲವರಲ್ಲಿ ಕೈಯ ಭಾಗದ ಮ್ಯೂ ಹೆಚ್ಚುತ್ತದೆ. ಕಲ್ಪನೆ ನಿಲ್ಲಿಸಿದ ಮೇಲೆ, ಸುಮಾರು ಒಂದು ಸೆಕೆಂಡಿನ ಒಳಗೆ, ನಡುನೆತ್ತಿಯಲ್ಲಿ ಬೀಟಾ ಲಯ ಪುಟಿದೇಳುತ್ತದೆ. ಪಾದದ ವಿಷಯದಲ್ಲಿ ಎಷ್ಟೋ ಸಲ ನಂಬಬಹುದಾದ ಗುರುತು ಇದೇ. ಆದರೆ ಅದು ಬರುವುದು ಕಲ್ಪನೆ ಮುಗಿದ ಮೇಲೆ. ಹೀಗಾಗಿ ಅದರಿಂದ ಸ್ವಿಚ್ ಮಾಡಬಹುದು, ಹೆಜ್ಜೆಹೆಜ್ಜೆಗೂ ಕಾಲು ನಡೆಸುವ ಚುಕ್ಕಾಣಿ ಮಾಡಲಾಗದು.

ಈಗ ಮಿದುಳಿನ ವಿದ್ಯುತ್ತನ್ನು ಹಿಡಿಯುವ ಎಲೆಕ್ಟ್ರೋಡುಗಳ ಟೋಪಿಯನ್ನು ತಲೆಗೆ ತೊಡಿಸುವ ಕೆಲಸಕ್ಕೆ ಬರೋಣ. ಸುದ್ದಿಗಳಲ್ಲಿ ಇದರ ಮಾತೇ ಇರುವುದಿಲ್ಲ, ಆದರೆ ಫಲಿತಾಂಶದ ಅರ್ಧ ಇಲ್ಲೇ ತೀರ್ಮಾನವಾಗುತ್ತದೆ. ಟೇಪು ಹಿಡಿದು ಮೂಗಿನ ಬುಡದ ತಗ್ಗಿನಿಂದ ತಲೆಯ ಹಿಂದಿನ ಮೂಳೆಯ ಉಬ್ಬಿನವರೆಗೆ ಅಳೆಯಬೇಕು. 36 ಸೆಂಟಿಮೀಟರ್ ಬಂದರೆ 18ಕ್ಕೆ ಒಂದು ಗುರುತು. ಒಂದು ಕಿವಿಯ ಮುಂದಿನ ಕುಳಿಯಿಂದ ಇನ್ನೊಂದರವರೆಗೆ ಮತ್ತೆ ಅಳೆದು ಅದರ ಅರ್ಧಕ್ಕೆ ಇನ್ನೊಂದು. ಎರಡು ಗೆರೆ ಕೂಡುವ ಬಿಂದುವೇ ‘ಸಿಝಡ್’, ಕಾಲಿನ ಎಲೆಕ್ಟ್ರೋಡಿನ ಜಾಗ. ಅದರ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಹತ್ತಿರದಲ್ಲೇ ನಾಲ್ಕು ಎಲೆಕ್ಟ್ರೋಡು ಬೇಕೇ ಬೇಕು. ಈ ಅಳತೆಯ ತಲೆಯಲ್ಲಿ ಮುಂದಿನದಕ್ಕೂ ನಡುವಿನದಕ್ಕೂ 3.6 ಸೆಂಟಿಮೀಟರ್ ಅಂತರ. ಟೋಪಿ ಎರಡು ಸೆಂಟಿಮೀಟರ್ ಜಾರಿದರೆ ಅರ್ಧಕ್ಕಿಂತ ಹೆಚ್ಚು ದಾರಿ ತಪ್ಪಿದಂತೆಯೇ. ಕೂದಲನ್ನು ಕಡ್ಡಿಯಿಂದ ಸರಿಸಿ, ಚರ್ಮವನ್ನು ಮೆಲ್ಲಗೆ ಉಜ್ಜಿ, ಜೆಲ್ ತುಂಬಿ, ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವಿನ ವಿದ್ಯುತ್ ತಡೆಯನ್ನು 5 ಕಿಲೋಓಮ್‌ಗಿಂತ ಕೆಳಗೆ ತರಬೇಕು. ಎಲೆಕ್ಟ್ರೋಡಿನಲ್ಲೇ ವರ್ಧಕವಿರುವ ಬಗೆಯಾದರೆ ಇನ್ನೂ ಹೆಚ್ಚಿನ ತಡೆಯಲ್ಲೂ ನಡೆಯುತ್ತದೆ. ಜೆಲ್ ಜಾಸ್ತಿಯಾದರೆ ಪಕ್ಕದೆರಡು ಎಲೆಕ್ಟ್ರೋಡುಗಳ ನಡುವೆ ಸೇತುವೆ ಕಟ್ಟಿ ಎರಡೂ ಒಂದೇ ಸಂಕೇತ ತೋರಿಸುತ್ತವೆ. ಪರದೆಯ ಮೇಲೆ ಎಲ್ಲವೂ ಅಚ್ಚುಕಟ್ಟಾಗಿಯೇ ಕಾಣುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳದು.

ಇನ್ನೊಂದು ತಪ್ಪು ಇದಕ್ಕಿಂತ ನೋವಿನದು. ಇಇಜಿಯಲ್ಲಿ ಪ್ರತಿ ಎಲೆಕ್ಟ್ರೋಡಿನ ಅಳತೆಯ ಬೆಲೆಯೂ ಒಂದು ಆಧಾರ ಎಲೆಕ್ಟ್ರೋಡಿಗೆ ಹೋಲಿಸಿ ಬರುವಂಥದ್ದು. ಕೆಲವು ಟೋಪಿಗಳಲ್ಲಿ ಆ ಆಧಾರವೇ ಸಿಝಡ್‌ನಲ್ಲಿರುತ್ತದೆ. ಅಂದರೆ ಕಾಲಿನ ಸಂಕೇತ ಬರಬೇಕಾದ ಜಾಗದ ಬೆಲೆ ಸೊನ್ನೆ, ಅದರ ನೆರಳು ಉಳಿದೆಲ್ಲ ಎಲೆಕ್ಟ್ರೋಡುಗಳ ಮೇಲೆ. ಆಧಾರ ಬದಲಿಸಿ ಲೆಕ್ಕ ಹಾಕದಿದ್ದರೆ ಮುಂದಿನ ಯಾವ ಎಐ ಬಂದರೂ ಪ್ರಯೋಜನವಿಲ್ಲ. ಸರಿಯಾಗಿ ದಾಖಲಾದ ಸಂಕೇತಕ್ಕೆ ತೀರ ಸರಳ ಲೆಕ್ಕವೊಂದೇ ಎಷ್ಟೋ ಸಹಾಯ ಮಾಡುತ್ತದೆ: ಸಿಝಡ್‌ನ ಬೆಲೆಯಿಂದ ಸುತ್ತಲಿನ ನಾಲ್ಕರ ಸರಾಸರಿ ಕಳೆಯುವುದು. ದೂರದಿಂದ ಬಂದು ಐದರಲ್ಲೂ ಸಮನಾಗಿ ಬೆರೆತದ್ದು ಕಳೆದುಹೋಗಿ ಅಲ್ಲಿಯದೇ ಆದದ್ದು ಉಳಿಯುತ್ತದೆ.

ದಾಖಲಾತಿಯ ಕ್ರಮ ಸಾಮಾನ್ಯವಾಗಿ ಹೀಗೆ. ಪರದೆಯಲ್ಲಿ ಎರಡು ಸೆಕೆಂಡು ಒಂದು ಕೂಡು ಚಿಹ್ನೆ, ಆಮೇಲೆ ಸೂಚನೆ, ಮುಂದಿನ ನಾಲ್ಕು ಸೆಕೆಂಡು ಕಲ್ಪನೆ, ಬಳಿಕ ಒಂದೂವರೆಯಿಂದ ಎರಡೂವರೆ ಸೆಕೆಂಡು ಬಿಡುವು. ಬಿಡುವು ಪ್ರತಿ ಸಲ ಬೇರೆ ಬೇರೆ ಇರಬೇಕು, ಇಲ್ಲದಿದ್ದರೆ ಮಿದುಳು ಮುಂದಿನ ಸೂಚನೆಯನ್ನು ಮೊದಲೇ ಕಾಯತೊಡಗುತ್ತದೆ. ಎರಡು ವರ್ಗಕ್ಕೆ ತಲಾ 40 ಸಲ ಎಂದರೆ 80 ಪ್ರಯತ್ನ, ಸುಮಾರು ಹನ್ನೊಂದು ನಿಮಿಷ. ಏನನ್ನು ಕಲ್ಪಿಸಿಕೊಳ್ಳಿ ಎನ್ನುವುದೂ ಮುಖ್ಯ. ‘ಕಾಲು ಆಡಿಸುವುದನ್ನು ಊಹಿಸಿ’ ಎಂದರೆ ಹೆಚ್ಚಿನವರು ತಮ್ಮ ಕಾಲಿನ ಚಿತ್ರವನ್ನು ಹೊರಗಿನಿಂದ ನೋಡುತ್ತಾರೆ. ಅದು ನೋಟದ ಭಾಗವನ್ನು ಎಬ್ಬಿಸುತ್ತದೆ, ಚಲನೆಯ ಭಾಗವನ್ನಲ್ಲ. ‘ಹಿಮ್ಮಡಿ ಊರಿದ ಹಾಗೇ ಇರಲಿ, ಪಾದದ ಮುಂಭಾಗ ಮೇಲೆತ್ತುವಾಗ ಮೊಣಕಾಲಿನ ಕೆಳಗೆ ಕಾಲಿನ ಮುಂಬದಿಯಲ್ಲಿ ಆಗುವ ಬಿಗಿತವನ್ನು ಒಳಗಿನಿಂದ ಅನುಭವಿಸಿ’ ಎಂದು ಹೇಳಿದರೆ ಸಂಕೇತ ಬಲವಾಗುತ್ತದೆ. ಆರೋಗ್ಯವಂತರಾದರೆ ಮೊಣಕಾಲಿನ ಕೆಳಗೆ, ಕಾಲಿನ ಮುಂಬದಿಯ ಮೂಳೆಯ ಹೊರಬದಿಯ ಸ್ನಾಯುವಿನ ಮೇಲೂ ಎರಡು ಎಲೆಕ್ಟ್ರೋಡು ಹಾಕಿ, ಸ್ನಾಯು ನಿಜವಾಗಿ ಬಿಗಿದ ಪ್ರಯತ್ನಗಳನ್ನು ಕೈಬಿಡಬೇಕು. ಇದನ್ನು ಮಾಡದ ಪ್ರಯೋಗದಲ್ಲಿ ಓದಿದ್ದು ಕಲ್ಪನೆಯನ್ನೋ ಚಲನೆಯನ್ನೋ ಎಂದು ಹೇಳಲು ಆಧಾರವೇ ಇರದು.

ಸುದ್ದಿಗಳು ಬೆರೆಸಿಬಿಡುವ ಇನ್ನೊಂದು ಭೇದವೂ ಇದೆ. ಆರೋಗ್ಯವಂತ ವಿದ್ಯಾರ್ಥಿಗೆ ‘ಆಡಿಸಬೇಡ, ನೆನೆ’ ಎನ್ನಬೇಕಾಗುತ್ತದೆ. ಕಾಲಿನ ಬಲ ಹೋದವರಿಗೆ ‘ಆಡಿಸಲು ಪ್ರಯತ್ನಿಸಿ’ ಎನ್ನಬಹುದು, ಎನ್ನಬೇಕು. ಹೀಗೆ ನಿಜವಾಗಿ ಆಡಿಸಲು ಯತ್ನಿಸುವಾಗಿನ ಸಂಕೇತ ಸಾಮಾನ್ಯವಾಗಿ ಕಲ್ಪನೆಯದಕ್ಕಿಂತ ಗಟ್ಟಿ. ಅದೇ ಹೊತ್ತಿಗೆ, ವರ್ಷಗಟ್ಟಲೆ ಕಾಲಿನಿಂದ ಯಾವ ಸ್ಪರ್ಶವೂ ಬಾರದ ಮಿದುಳಿನಲ್ಲಿ ಆ ಭಾಗದ ಚಟುವಟಿಕೆ ಬದಲಾಗಿರುತ್ತದೆ. ವಿದ್ಯಾರ್ಥಿಗಳ ಸಂಕೇತ ತಿಂದು ಬೆಳೆದ ಎಐ ಮಾದರಿ ಇವರ ಮೇಲೂ ಹಾಗೇ ಕೆಲಸ ಮಾಡುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ಇಷ್ಟಾದ ಮೇಲೆ ಎಐ. ಅದರ ಪಾತ್ರ ದೊಡ್ಡದೇ, ಆದರೆ ಅದಕ್ಕೆ ಸಿಗುವ ಊಟ ಬಹಳ ಕಡಿಮೆ. 32 ಎಲೆಕ್ಟ್ರೋಡು, ಸೆಕೆಂಡಿಗೆ 250 ಅಳತೆ, ನಾಲ್ಕು ಸೆಕೆಂಡು ಎಂದರೆ ಒಂದು ಪ್ರಯತ್ನಕ್ಕೆ 32,000 ಸಂಖ್ಯೆಗಳು. ಪ್ರಯತ್ನಗಳು ಮಾತ್ರ 80. ಎಐನ ದೊಡ್ಡ ಕೃತಕ ನರಜಾಲ ಇದನ್ನು ಕಲಿಯುವುದಿಲ್ಲ, ಬಾಯಿಪಾಠ ಮಾಡುತ್ತದೆ. ಈ ಕಾರಣಕ್ಕೇ ವರ್ಗಗಳ ನಡುವಿನ ಅಂತರ ಹಿಗ್ಗುವಂತೆ ಎಲೆಕ್ಟ್ರೋಡುಗಳನ್ನು ತೂಗಿ ಬೆರೆಸುವ ‘ಸಿಎಸ್‌ಪಿ’ಯಂಥ ಹಳೆಯ ವಿಧಾನಗಳು ಇಂದಿಗೂ ಹಿಂದೆ ಬಿದ್ದಿಲ್ಲ. ಇಇಜಿಗೆಂದೇ ಹೆಣೆದು 2018ರಲ್ಲಿ ಪ್ರಕಟವಾದ ‘ಇಇಜಿನೆಟ್’ ಜಾಲವನ್ನು ಬೇಕೆಂದೇ ಕೆಲವೇ ಸಾವಿರ ಗುಣಾಂಕಗಳಷ್ಟು ಚಿಕ್ಕದಾಗಿ ಇಟ್ಟಿದ್ದೂ ಇದಕ್ಕೇ.

ಶೇ 95 ಹುಟ್ಟುವುದು ಹೆಚ್ಚಾಗಿ ಎಲ್ಲಿ ಎಂದು ನೋಡಿ. ನಾಲ್ಕು ಸೆಕೆಂಡಿನ ಪ್ರಯತ್ನವನ್ನು ಒಂದೊಂದು ಸೆಕೆಂಡಿನ ತುಂಡುಗಳಾಗಿ, 0.1 ಸೆಕೆಂಡು ಸರಿಸುತ್ತ ಕತ್ತರಿಸಿದರೆ 31 ತುಂಡು ಸಿಗುತ್ತವೆ. ಅಕ್ಕಪಕ್ಕದ ತುಂಡುಗಳು ಹತ್ತರಲ್ಲಿ ಒಂಬತ್ತು ಪಾಲು ಒಂದೇ. ಇವನ್ನೆಲ್ಲ ರಾಶಿ ಹಾಕಿ, ಕಲಸಿ, ಒಂದಷ್ಟನ್ನು ತರಬೇತಿಗೂ ಒಂದಷ್ಟನ್ನು ಪರೀಕ್ಷೆಗೂ ಹಂಚಿದರೆ ಪರೀಕ್ಷೆಗೆ ಬಂದ ತುಂಡಿನ ಅವಳಿ ತರಬೇತಿಯಲ್ಲಿ ಆಗಲೇ ಇರುತ್ತದೆ. ಇದು ಪ್ರಶ್ನೆಪತ್ರಿಕೆ ಸೋರಿದ ಪರೀಕ್ಷೆ. ಬಹಳ ಸಲ ಯಾರೂ ಬೇಕೆಂದು ಸೋರಿಸಿರುವುದಿಲ್ಲ, ತುಂಡು ಮಾಡುವ ಮೊದಲು ಹಂಚಬೇಕಾದದ್ದನ್ನು ತುಂಡು ಮಾಡಿದ ಮೇಲೆ ಹಂಚಿರುತ್ತಾರೆ, ಅಷ್ಟೇ. ಫಲ ಒಂದೇ. ಎಡಗಾಲಿನ ಪ್ರಯತ್ನಗಳನ್ನೆಲ್ಲ ಮೊದಲು ಮುಗಿಸಿ ಬಲಗಾಲಿನದನ್ನು ಆಮೇಲೆ ದಾಖಲಿಸಿದರೂ ಇಂಥದ್ದೇ ಮೋಸ. ಅಷ್ಟರಲ್ಲಿ ಜೆಲ್ ಒಣಗಿರುತ್ತದೆ, ಬೆವರು ಬಂದಿರುತ್ತದೆ, ತೂಕಡಿಕೆ ಶುರುವಾಗಿರುತ್ತದೆ. ಮಾದರಿ ಕಲಿಯುವುದು ಕಾಲನ್ನಲ್ಲ, ಗಡಿಯಾರವನ್ನು.

ಕಣ್ಣು, ದವಡೆಗಳ ವಿಷಯ ಇನ್ನೂ ಸೂಕ್ಷ್ಮ. ಸೂಚನೆಯಾಗಿ ಎಡಬಾಣ, ಬಲಬಾಣ ತೋರಿಸಿದರೆ ಕಣ್ಣು ಆ ಕಡೆಗೆ ತುಸು ಹೊರಳುತ್ತದೆ. ಕಣ್ಣಿನ ಚಲನೆಯ ವಿದ್ಯುತ್ತು ಮಿದುಳಿನ ಲಯಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಒಂದು ರೆಪ್ಪೆ ಬಡಿತವೇ ಹಣೆಯ ಮೇಲೆ 100 ಮೈಕ್ರೋವೋಲ್ಟ್ ದಾಟಬಹುದು. ಇನ್ನು ಮನಸ್ಸಿಟ್ಟು ಕಾಲನ್ನು ನೆನೆಯುವಾಗ ಜನ ತಮಗೇ ಗೊತ್ತಿಲ್ಲದೆ ಹಲ್ಲು ಕಚ್ಚುತ್ತಾರೆ, ಕತ್ತು ಬಿಗಿಯುತ್ತಾರೆ. ಆ ಸ್ನಾಯುಗಳ ಸದ್ದು 20 ಹರ್ಟ್ಸ್ ಆಸುಪಾಸಿನಿಂದಲೇ ಶುರುವಾಗಿ ನೂರಾರು ಹರ್ಟ್ಸ್‌ವರೆಗೆ ಹರಡಿರುವುದರಿಂದ ಬೀಟಾ ಪಟ್ಟಿಯ ಮೇಲೇ ಬಂದು ಕೂರುತ್ತದೆ. ಎಐಗೆ ಯಾವುದು ಮಿದುಳು, ಯಾವುದು ದವಡೆ ಎಂಬ ಗೊಡವೆ ಇಲ್ಲ. ಅಂಕ ಯಾವುದರಿಂದ ಬರುತ್ತದೋ ಅದನ್ನು ಹಿಡಿಯುತ್ತದೆ. ಇದಕ್ಕೊಂದು ಸುಲಭದ ತಪಾಸಣೆ ಇದೆ. ಕಣ್ಣಿನ ಸುತ್ತಲಿನ, ಹಣೆಯ, ಕಪೋಲದ ಎಲೆಕ್ಟ್ರೋಡುಗಳನ್ನಷ್ಟೇ ಕೊಟ್ಟು ಅದೇ ಮಾದರಿಯನ್ನು ಮತ್ತೆ ತರಬೇತಿ ಮಾಡಿ. ಆಗಲೂ ಹತ್ತಿರಹತ್ತಿರ ಅಷ್ಟೇ ಅಂಕ ಬಂದರೆ ಆ ಅಂಕ ಕಾಲಿನದಲ್ಲ.

ಅಂಕ ಪ್ರಾಮಾಣಿಕವಾಗಿದ್ದರೂ ಎಷ್ಟು ಪ್ರಯತ್ನಗಳ ಮೇಲೆ ಎಂದು ಕೇಳಬೇಕು. ಎರಡೇ ವರ್ಗವಿದ್ದರೆ ಕಣ್ಣುಮುಚ್ಚಿ ಹೇಳಿದರೂ ಶೇ 50 ಸಿಗುತ್ತದೆ. ನಾಲ್ಕಿದ್ದರೆ ಶೇ 25. ಪರೀಕ್ಷೆಗೆ 20 ಪ್ರಯತ್ನಗಳಷ್ಟೇ ಇದ್ದಾಗ ಕನಿಷ್ಠ 14 ಸರಿಯಾಗುವುದು, ಅಂದರೆ ಶೇ 70 ಅಥವಾ ಹೆಚ್ಚು, ನಾಣ್ಯ ಚಿಮ್ಮಿದರೂ ನೂರಕ್ಕೆ ಸುಮಾರು ಆರು ಸಲ ಆಗುತ್ತದೆ. ಎರಡು ವರ್ಗ ಮತ್ತು 20 ಪ್ರಯತ್ನದ ಶೇ 70ಕ್ಕಿಂತ ನಾಲ್ಕು ವರ್ಗ ಮತ್ತು 288 ಪ್ರಯತ್ನದ ಶೇ 60 ಎಷ್ಟೋ ದೊಡ್ಡ ಸಾಧನೆ. ಸುದ್ದಿಯಲ್ಲಿ ಮಾತ್ರ ಮೊದಲನೆಯದೇ ಮುಂದೆ ಕಾಣುತ್ತದೆ. ಈ 288 ನಾವು ಮೇಲೆ ಹೇಳಿದ ಗ್ರಾಜ್ ದತ್ತಾಂಶದ ಸಂಖ್ಯೆ: 9 ಜನ, 22 ಇಇಜಿ ಎಲೆಕ್ಟ್ರೋಡು, ಬೇರೆ ಬೇರೆ ದಿನದ ಎರಡು ಸರದಿ, ಸರದಿಗೆ 288 ಪ್ರಯತ್ನ. ಒಂದು ದಿನ ಕಲಿ, ಇನ್ನೊಂದು ದಿನ ಪರೀಕ್ಷೆ ಕೊಡು ಎಂಬ ಆ ವ್ಯವಸ್ಥೆ ಸರಿಯಾದದ್ದು. ಟೋಪಿ ತೆಗೆದು ಮರುದಿನ ಹಾಕಿದಾಗ ಎಲೆಕ್ಟ್ರೋಡು ತುಸು ಸರಿದಿರುತ್ತದೆ, ಚರ್ಮ, ನಿದ್ದೆ, ಮನಃಸ್ಥಿತಿ ಎಲ್ಲವೂ ಬೇರೆ. ಅಲ್ಲೂ ನಿಲ್ಲುವ ಅಂಕವೇ ಬಳಕೆಗೆ ಬರುವ ಅಂಕ. ಬರೀ ಸರಾಸರಿ ಕೊಟ್ಟರೂ ಸಾಲದು. ಸಂಶೋಧನಾ ಬರಹಗಳ ಅಂದಾಜಿನಲ್ಲಿ ಶೇ 15ರಿಂದ 30ರಷ್ಟು ಜನರಿಗೆ ಇಂಥ ವ್ಯವಸ್ಥೆ ಒಗ್ಗುವುದೇ ಇಲ್ಲ. ಒಳ್ಳೆಯ ಸರಾಸರಿಯ ಅಡಿಯಲ್ಲಿ ಅವರು ಕಾಣೆಯಾಗುತ್ತಾರೆ.

ದಾಖಲಾದ ಸಂಕೇತದಿಂದ ನಡೆದಾಡುವ ಮನುಷ್ಯನಿಗೆ ಬರುವಾಗ ಲೆಕ್ಕ ಮತ್ತೊಮ್ಮೆ ಬದಲಾಗುತ್ತದೆ. ಪ್ರಯೋಗಾಲಯದಲ್ಲಿ ಕೂತು ಮಾಡುವ ವಿಶ್ಲೇಷಣೆ ಸಂಕೇತವನ್ನು ಮುಂದಿನಿಂದಲೂ ಹಿಂದಿನಿಂದಲೂ ಸೋಸಬಲ್ಲದು, ಅಂದರೆ ಮುಂದೆ ಬರಲಿರುವುದನ್ನೂ ನೋಡಿ ತೀರ್ಮಾನಿಸುತ್ತದೆ. ನೇರ ಬಳಕೆಯಲ್ಲಿ ಆ ಸೌಲಭ್ಯವಿಲ್ಲ. ಅದಕ್ಕಿಂತ ಮುಖ್ಯ, ಪರೀಕ್ಷೆಯಲ್ಲಿ ಎಡವೋ ಬಲವೋ ಎಂಬ ಎರಡೇ ಉತ್ತರ. ಬದುಕಿನಲ್ಲಿ ಹೆಚ್ಚಿನ ಹೊತ್ತು ಸರಿಯಾದ ಉತ್ತರ ‘ಏನೂ ಇಲ್ಲ’. ಮಾತಾಡುವಾಗ, ಕೆಮ್ಮುವಾಗ, ಯಾರನ್ನೋ ಕಂಡು ನಗುವಾಗ ಯಂತ್ರಗಾಲು ಹೆಜ್ಜೆ ಎತ್ತಬಾರದು. ಸೆಕೆಂಡಿಗೆ ಹತ್ತು ಸಲ ತೀರ್ಮಾನ ಎಂದರೆ ನಿಮಿಷಕ್ಕೆ 600. ನೂರಕ್ಕೆ ಒಂದು ತಪ್ಪಾದರೂ ನಿಮಿಷಕ್ಕೆ ಆರು ಸುಳ್ಳು ಹೆಜ್ಜೆ, ಅಂದರೆ ಆರು ಸಲ ಬೀಳುವ ಸಂದರ್ಭ. ಸತತ ಹತ್ತು ತೀರ್ಮಾನಗಳು ಒಂದೇ ಆದಾಗ ಮಾತ್ರ ಹೆಜ್ಜೆ ಎತ್ತು ಎಂದು ಕಟ್ಟಿದರೆ ತಪ್ಪು ಇಳಿಯುತ್ತದೆ, ಆದರೆ ಪ್ರತಿ ಹೆಜ್ಜೆಗೂ ಒಂದು ಸೆಕೆಂಡು ತಡ. ನಿಲ್ಲಬೇಕಾದಾಗಲೂ ಅಷ್ಟೇ ತಡ. ಆದ್ದರಿಂದ ಇಂಥ ಸಾಧನದ ಸುದ್ದಿಯಲ್ಲಿ ಶೇಕಡಾಕ್ಕಿಂತ ‘ಸುಮ್ಮನಿದ್ದಾಗ ನಿಮಿಷಕ್ಕೆ ಎಷ್ಟು ಸುಳ್ಳು ಹೆಜ್ಜೆ’ ಎಂಬುದು ಹೆಚ್ಚು ಉಪಯುಕ್ತ ಸಂಖ್ಯೆ. ಇನ್ನೊಂದು ಮಾತು: ನೆತ್ತಿಯ ಇಇಜಿಯಿಂದ ನಡೆಯುವ ವ್ಯವಸ್ಥೆಗಳಲ್ಲಿ ಮಿದುಳಿನಿಂದ ಬರುವುದು ಬಹುತೇಕ ‘ನಡೆ’, ‘ನಿಲ್ಲು’ ಎಂಬ ಎರಡು ಆಜ್ಞೆ. ಮಂಡಿ ಎಷ್ಟು ಮಡಿಸಬೇಕು, ಭಾರ ಯಾವ ಕಡೆಗೆ ಎಂಬುದನ್ನೆಲ್ಲ ನೋಡಿಕೊಳ್ಳುವುದು ಯಂತ್ರದ ಅಥವಾ ವಿದ್ಯುತ್ತು ಕೊಟ್ಟು ಸ್ನಾಯು ಎಬ್ಬಿಸುವ ಉತ್ತೇಜಕದ ಲೆಕ್ಕಾಚಾರ.

ಸಾಧನೆಗಳಿಲ್ಲವೆಂದಲ್ಲ, ಇವೆ, ಅವು ನಿಜಕ್ಕೂ ದೊಡ್ಡವು. 2015ರಲ್ಲಿ ಅಮೆರಿಕದ ಅರ್ವೈನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ, ನೆತ್ತಿಯ ಇಇಜಿಯಿಂದಲೇ ಕಾಲಿನ ಸ್ನಾಯುಗಳಿಗೆ ವಿದ್ಯುತ್ ಉತ್ತೇಜನ ಕೊಟ್ಟು, ಸೊಂಟದ ಕೆಳಗೆ ಬಲವಿಲ್ಲದ ಒಬ್ಬರು 3.66 ಮೀಟರ್ ನಡೆದದ್ದನ್ನು ವರದಿ ಮಾಡಿತು. ದೇಹದ ಭಾರಕ್ಕೆ ಮೇಲಿನಿಂದ ಪಟ್ಟಿಗಳ ಆಸರೆಯೂ ಇತ್ತು. 2016ರಲ್ಲಿ ನರವಿಜ್ಞಾನಿ ಮಿಗೆಲ್ ನಿಕೊಲೆಲಿಸ್ ಅವರ ತಂಡ ಬೆನ್ನುಹುರಿಗೆ ಪೆಟ್ಟಾದ 8 ಜನರಿಗೆ 12 ತಿಂಗಳು ತರಬೇತಿ ಕೊಟ್ಟಾಗ ಗಾಯದ ಕೆಳಗಿನ ಭಾಗದಲ್ಲಿ ಸ್ವಲ್ಪ ಸ್ಪರ್ಶಜ್ಞಾನ, ಸ್ವಲ್ಪ ಸ್ನಾಯು ಹಿಡಿತ ಮರಳಿತು. ಆದರೆ ಅಲ್ಲಿ ಯಂತ್ರದ ನಡಿಗೆ ಅಭ್ಯಾಸ, ಸ್ಪರ್ಶದ ಮರುಸೂಚನೆ ಎಲ್ಲ ಒಟ್ಟಿಗೆ ಇದ್ದವು, ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲಾಗದು. 2019ರ ಫ್ರಾನ್ಸಿನ ಗ್ರೆನೋಬಲ್ ಪ್ರಯೋಗ ಮತ್ತು 2023ರ ಸ್ವಿಟ್ಜರ್ಲೆಂಡಿನ ಲೂಸಾನ್ ಪ್ರಯೋಗಗಳಲ್ಲಿ ನೆತ್ತಿಯ ಟೋಪಿಯೇ ಇಲ್ಲ. ಎರಡರಲ್ಲೂ ಬುರುಡೆಯ ಮೂಳೆ ತೆರೆದು, ಮಿದುಳಿನ ಹೊರಪೊರೆಯ ಮೇಲೆ 64 ಎಲೆಕ್ಟ್ರೋಡುಗಳ ಎರಡು ಫಲಕಗಳನ್ನು ಇಟ್ಟಿದ್ದರು. ಗ್ರೆನೋಬಲ್‌ನ ಯಂತ್ರಕವಚ (ಮೈಗೆ ತೊಟ್ಟು ನಡೆಯುವ ಯಂತ್ರ) ಚಾವಣಿಯಿಂದ ತೂಗುಹಾಕಿದ ಆಸರೆಯಲ್ಲಿತ್ತು. ಲೂಸಾನ್‌ನ ವ್ಯಕ್ತಿಯ ಬೆನ್ನುಹುರಿಯ ಗಾಯ ಪೂರ್ಣವಲ್ಲ, ಅವರು ನಡೆದದ್ದು ಊರುಗೋಲು ಹಿಡಿದು, ಬೆನ್ನುಹುರಿಯ ಮೇಲೆ ಇನ್ನೊಂದು ಉತ್ತೇಜಕವೂ ಇತ್ತು. ಈ ಫಲಿತಾಂಶಗಳನ್ನು ಟೋಪಿಯ ಸುದ್ದಿಯ ಪಕ್ಕದಲ್ಲಿಟ್ಟರೆ ಓದುವವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಹೀಗಾಗಿ ವರದಿಗಾರರು ಸಂಶೋಧಕರಿಗೆ ಕರೆ ಮಾಡಿದಾಗ ಎರಡು ನಿಮಿಷ ಹೆಚ್ಚು ಕೊಟ್ಟು ಕೇಳಲಿ. ಎಲೆಕ್ಟ್ರೋಡು ನೆತ್ತಿಯ ಮೇಲೋ ಬುರುಡೆಯ ಒಳಗೋ? ಭಾಗವಹಿಸಿದವರು ಎಷ್ಟು ಜನ, ಅವರಲ್ಲಿ ಕಾಲಿನ ಬಲ ಇಲ್ಲದವರು ಎಷ್ಟು? ಪರೀಕ್ಷೆ ಅದೇ ದಿನವೋ ಬೇರೆ ದಿನವೋ? ದಾಖಲೆಯ ಮೇಲೋ ನೇರವಾಗಿಯೋ? ಉತ್ತರಗಳಿಗೆ ಪತ್ರಿಕೆಯಲ್ಲಿ ಮೂರು ಸಾಲು ಸಾಕು.

ಮನೆಯವರಿಗೂ ಒಂದು ಮಾತು, ಏಕೆಂದರೆ ಇಂಥ ಸುದ್ದಿಯ ಬೆನ್ನಿಗೇ ತಲೆಪಟ್ಟಿಗಳ ಜಾಹೀರಾತು ಬರುತ್ತದೆ. ಪಟ್ಟಿಯ ಎಲೆಕ್ಟ್ರೋಡುಗಳು ಹಣೆಯ ಮೇಲೂ ಕಿವಿಯ ಹಿಂದೆಯೂ ಮಾತ್ರ ಇದ್ದರೆ, ನಡುನೆತ್ತಿಯಲ್ಲಿ ಒಂದೂ ಇಲ್ಲದಿದ್ದರೆ, ಅದು ಕಾಲಿನ ಲಯವನ್ನು ಅಳೆಯುತ್ತದೆ ಎಂಬ ಮಾತನ್ನು ನಂಬಬೇಡಿ. ನಡುನೆತ್ತಿಯಲ್ಲಿ ಇದ್ದರೂ ಮಾರುವವರ ಎದುರಿಗೇ ಮೊದಲು ಹೀಗೆ ಮಾಡಿ ನೋಡಿ: ಪಟ್ಟಿ ಹಾಕಿಕೊಂಡವರು ಕಾಲನ್ನು ನೆನೆಯದೆ ಬರೀ ಹಲ್ಲು ಕಚ್ಚಲಿ, ಆಮೇಲೆ ಹುಬ್ಬು ಗಂಟಿಕ್ಕಲಿ, ಆಮೇಲೆ ನಾಲ್ಕೈದು ಸಲ ಬೇಗ ಬೇಗ ರೆಪ್ಪೆ ಬಡಿಯಲಿ. ಸಾಧನ ಆಗ ಅಲುಗಿದರೆ ಅದನ್ನು ನಡೆಸುತ್ತಿರುವುದು ಮುಖದ ಸ್ನಾಯು. ಕೈಕಾಲು ಎರಡೂ ಆಡದವರಿಗೆ ದವಡೆಯಿಂದ ನಡೆಯುವ ಸ್ವಿಚ್ಚೂ ಬಹಳ ಉಪಕಾರಿಯೇ, ಅದು ಇದಕ್ಕಿಂತ ಸರಳವಾಗಿ, ಹೆಚ್ಚು ನಂಬಿಕೆಯಿಂದ ಕೆಲಸ ಮಾಡುವಂತೆ ಬೇರೆಯಾಗಿಯೇ ಸಿಗುತ್ತದೆ. ಮುಖ ಸಡಿಲ ಬಿಟ್ಟು, ಕಣ್ಣನ್ನು ಒಂದೇ ಚುಕ್ಕೆಯ ಮೇಲಿಟ್ಟು, ಪಾದವನ್ನಷ್ಟೇ ನೆನೆದಾಗ ಏನಾಗುತ್ತದೆ ಎಂಬುದನ್ನು ಕನಿಷ್ಠ 40 ಸಲ, ಎರಡು ಬೇರೆ ದಿನ ಎಣಿಸಿ ಬರೆದುಕೊಂಡ ಮೇಲೆ ಹಣದ ಮಾತಿಗೆ ಬನ್ನಿ.

ಇಂತಿ,
ಮಿದುಳಿನ ಸಂಕೇತಗಳ ವಿಶ್ಲೇಷಣೆ ಬಲ್ಲ ಓದುಗರು